ಹೊಕ್ಕುಳ ಎಳ್ಳು

ಮಿಸಾವೊ ಸೊನೊದಾಳಿಗೆ ಐವತ್ತೊಂಬತ್ತು ತುಂಬಿತ್ತು. ಅಷ್ಟು ವರ್ಷದಲ್ಲಿ ಅವಳು ತನ್ನ ಹೊಕ್ಕುಳಿಗೆ ಒಮ್ಮೆಯೂ ಬೆರಳು ಹಾಕಿದವಳಲ್ಲ. ಅವಳೊಬ್ಬಳ ಕಥೆಯಲ್ಲ ಇದು. ಯಾತ್ಸುಶಿರೊ ಊರಿನಲ್ಲಿ ಅವಳ ಓರಗೆಯವರು ಯಾರನ್ನೇ ಕೇಳಿ, ಅದೇ ಮಾತು ಹೇಳುತ್ತಾರೆ. ಹೊಕ್ಕುಳೊಳಗೆ ಕೂತ ಕಪ್ಪು ಕೊಳೆಗೆ ಅಲ್ಲಿ ಹೊಕ್ಕುಳ ಎಳ್ಳು ಅನ್ನುತ್ತಾರೆ. ಎಳ್ಳು ಕೆದಕಿದರೆ ಹೊಟ್ಟೆನೋವು ಬರುತ್ತದೆ ಎಂದು ಬಚ್ಚಲಲ್ಲಿ ಮಕ್ಕಳ ಕೈಮೇಲೆ ಪಟ್ಟನೆ ಒಂದು ಕೊಟ್ಟು ತಾಯಂದಿರು ಕಲಿಸಿರುತ್ತಾರೆ. ಮಿಸಾವೊಳ ತಾಯಿಯಂತೂ ಇನ್ನೊಂದು ಹೆಜ್ಜೆ ಮುಂದೆ. ಪಕ್ಕದ ಬೀದಿಯ ಯಾವನೋ ಹುಡುಗ ಎಳ್ಳು ತೆಗೆಯಲು ಹೋಗಿ ಕರುಳೇ ಹೊರಗೆ ಬಂದು ಸತ್ತನಂತೆ. ಅವನ ಹೆಸರೇನಮ್ಮಾ ಎಂದು ಕೇಳಿದರೆ ಒಂದೊಂದು ಸಲ ಒಂದೊಂದು ಹೆಸರು. ಆದರೂ ಮಿಸಾವೊ ನಂಬಿದಳು, ಮತ್ತು ಆ ನಂಬಿಕೆಯಿಂದ ಒಂದು ಜೀವ ಹೋಗುವುದರಲ್ಲಿತ್ತು.

ಸೊನೊದಾ ಮನೆಯವರದು ತತಾಮಿ ಅಂಗಡಿ. ದಪ್ಪ ದಿಂಡಿನ ಮೇಲೆ ಜೊಂಡುಹುಲ್ಲಿನ ಹಾಸು ಹೊದಿಸಿ, ಎರಡು ಬದಿಗೆ ಬಟ್ಟೆಯ ಅಂಚು ಹೊಲಿದರೆ ಒಂದು ತತಾಮಿ ಆಯಿತು. ಅಂಥ ಎಂಟನ್ನು ಒತ್ತಾಗಿ ಜೋಡಿಸಿದರೆ ಒಂದು ಕೋಣೆಯ ನೆಲ ಆಯಿತು. ಊರ ಸುತ್ತಲ ಗದ್ದೆಗಳಲ್ಲಿ ಬೆಳೆಯುವುದೂ ಅದೇ ಜೊಂಡು. ಮಿಸಾವೊಳ ಗಂಡ ಯೊಶಿತೊ ತೀರಿಕೊಂಡು ಮೂರು ವರ್ಷವಾಗಿತ್ತು. ಅಂಗಡಿಯಲ್ಲಿ ಉಳಿದವರು ಇಬ್ಬರೇ, ಅವಳು ಮತ್ತು ಗಂಡನ ಅಣ್ಣ ತಾಮೊತ್ಸು. ತಾಮೊತ್ಸು ಅಳತೆ ಹಿಡಿದು ಕತ್ತರಿಸುವವನು, ಮಿಸಾವೊ ಅಂಚು ಹೊಲಿಯುವವಳು. ಅರವತ್ತೇಳು ವರ್ಷದ ಈ ಭಾವ ಮದುವೆಯಾಗದೆ ಹಿಂದಿನ ಬೀದಿಯಲ್ಲಿ ಒಬ್ಬನೇ ಇದ್ದ. ಬೆಳಿಗ್ಗೆ ಬಂದು ಸಂಜೆ ಹೋಗುವವರೆಗೆ ಇಬ್ಬರ ನಡುವೆ ಇಪ್ಪತ್ತು ಮಾತು ನಡೆದರೆ ಹೆಚ್ಚು, ಅದರಲ್ಲಿ ಹದಿನೈದು ಬರೀ ಅಳತೆಯ ಅಂಕಿ.

ಮಿಸಾವೊ ನಾಚಿಕೆಯ ಹೆಂಗಸು. ನಾಚಿಕೆ ಅಂದರೆ ಹೇಗೆ? ಸೊಂಟದಿಂದ ಕೆಳಗಿನ ಯಾವುದರ ಹೆಸರೂ ಅವಳ ಬಾಯಲ್ಲಿ ಬಂದದ್ದಿಲ್ಲ. ಔಷಧಿ ಅಂಗಡಿಯಲ್ಲಿ ಮೂಲವ್ಯಾಧಿಯ ಮುಲಾಮು ಬೇಕಾದಾಗ ಹೆಸರು ಹೇಳಲಾರದೆ ಕೆಮ್ಮಿನ ಔಷಧಿ ಕೊಂಡು ಬಂದವಳು ಅವಳು, ಅದೂ ಎರಡು ಸಲ. ಮೂವತ್ತೊಂದು ವರ್ಷ ಸಂಸಾರ ಮಾಡಿದ ಗಂಡನ ಜೊತೆಯಲ್ಲೂ ಅದೇ ಬಿಗುಮಾನ. ಅವನೂ ಅಂಥವನೇ ಆಗಿದ್ದ ಅನ್ನಿ.

ಮನೆಯಲ್ಲಿ ಒಂದು ಮುಳ್ಳಿಲಿ ಇತ್ತು, ಮೈತುಂಬ ಮುಳ್ಳು, ಹೆದರಿದರೆ ಉಂಡೆಯಾಗುವ ಪುಟ್ಟ ಪ್ರಾಣಿ. ಅದನ್ನು ತಂದವನು ಯೊಶಿತೊ. ಸಾಯುವುದಕ್ಕೆ ಒಂದು ವರ್ಷ ಮುಂಚೆ, ಮೊಳೆ ತರಲು ಹೋದವನು ಅದೇ ಅಂಗಡಿಯ ಮೂಲೆಯಲ್ಲಿ ಮಾರಾಟಕ್ಕಿಟ್ಟಿದ್ದ ಅಂಗೈಯಗಲದ ಮರಿಯೊಂದನ್ನು ಟೋಪಿಯಲ್ಲಿಟ್ಟುಕೊಂಡು ಬಂದಿದ್ದ. ಪಾತ್ರೆ ಉಜ್ಜಲು ಹೊಸ ತವಾಶಿ ತಂದಿದ್ದೇನೆ ಎಂದು ಹೇಳಿ ತೊಟ್ಟಿಯ ಪಕ್ಕ ಇಟ್ಟ. ತವಾಶಿ ಅಂದರೆ ತೆಂಗಿನ ನಾರಿನ ಉಂಡೆ. ಮಿಸಾವೊ ಅನ್ನದ ಪಾತ್ರೆ ಹಿಡಿದು ಅದಕ್ಕೆ ಕೈ ಹಾಕಿದಳು, ಉಂಡೆ ಬುಸ್ಸೆಂದಿತು, ಪಾತ್ರೆ ನೆಲಕ್ಕೆ ಬಿತ್ತು. ಯೊಶಿತೊ ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಅವನು ಹಾಗೆ ನಕ್ಕದ್ದು ಅದೇ ಕೊನೆ ಇರಬೇಕು. ಅಂದಿನಿಂದ ಆ ಮರಿಯ ಹೆಸರೇ ತವಾಶಿ ಆಯಿತು.

ಗಂಡ ಹೋದ ಮೇಲೆ ತವಾಶಿಯನ್ನು ಮಿಸಾವೊ ಹೇಗೆ ನೋಡಿಕೊಂಡಳು ಅಂತೀರಿ! ಹುಳು ಕಂಡರೆ ಹೇಸುವವಳು ಊಟದ ಕಡ್ಡಿಯಲ್ಲಿ ಒಂದೊಂದೇ ಹುಳು ಎತ್ತಿ ಬಾಯಿಗಿಟ್ಟಳು. ಚಳಿಗೆ ಗೂಡಿನ ಕೆಳಗೆ ಬಿಸಿಹಲಗೆ ಇಟ್ಟಳು. ಗಂಡನ ಹಳೆಯ ಕೆಲಸದ ಅಂಗಿಯ ತೋಳು ಕತ್ತರಿಸಿ ಮಲಗಲು ಚೀಲ ಹೊಲಿದುಕೊಟ್ಟಳು. ಹಾಸಿಗೆಗಂತೂ ಜೊಂಡಿನ ಚೂರು. ಅಂಗಡಿಯಲ್ಲಿ ಅದಕ್ಕೇನು ಬರವೇ? ಹಾಸು ಕತ್ತರಿಸಿದಾಗ ಉಳಿದ ಎಳೆಗಳನ್ನು ಸಣ್ಣಗೆ ಹೆಚ್ಚಿ ಗೂಡಿಗೆ ತುಂಬುತ್ತಿದ್ದಳು. ಪೇಟೆಯಲ್ಲಿ ಮಾರುವ ಮರದ ಹೊಟ್ಟಿನ ಮೇಲೆ ನಮ್ಮನೆ ಮಗು ಯಾಕೆ ಮಲಗಬೇಕು, ನಾಡಿಗೇ ಒಳ್ಳೆಯ ಜೊಂಡು ನಮ್ಮೂರದು ಎಂಬ ಜಂಬ ಅವಳಿಗೆ. ಎಳೆಗಳ ಮೇಲೆ ಜೇಡಿಮಣ್ಣಿನ ಬಣ್ಣದ ನುಣುಪು ಪುಡಿ ಇರುತ್ತದೆ, ಅದರ ವಾಸನೆ ಚೆನ್ನ. ತವಾಶಿಯ ಮೈಯೂ ಹೊಸ ಚಾಪೆಯ ಹಾಗೆ ಘಮ್ಮೆನ್ನುತ್ತಿತ್ತು.

ವಾರಕ್ಕೊಮ್ಮೆ ಬೋಗುಣಿಯಲ್ಲಿ ಉಗುರುಬೆಚ್ಚನೆ ನೀರಿಟ್ಟು ಅವನ ಕಾಲು ತೊಳೆಯುವಾಗ ಮಾತ್ರ ಹೊಟ್ಟೆ ಕಾಣುತ್ತಿತ್ತು. ಬಿಳಿ ಹೊಟ್ಟೆ, ನಟ್ಟನಡುವೆ ಒಂದು ಸಣ್ಣ ಗುಂಡಿ. ಮೊದಲ ಸಲ ಅದನ್ನು ನೋಡಿದಾಗ ಯೊಶಿತೊ ಹೆಂಡತಿಯನ್ನು ಕರೆದು, ಇವನಿಗೂ ನಮ್ಮ ಹಾಗೆ ಹೊಕ್ಕುಳಿದೆ ಎಂದು ತೋರಿಸಿದ್ದ. ಇಬ್ಬರಿಗೂ ಅದೊಂದು ಸಂಭ್ರಮ. ಗುಡುಗಿದ ದಿನ ಯೊಶಿತೊ ಗೂಡಿನ ಮೇಲೆ ಬಟ್ಟೆ ಹೊದಿಸಿ, ಗುಡುಗಿನ ದೇವರು ಮಗುವಿನ ಹೊಕ್ಕುಳು ಕದ್ದುಕೊಂಡು ಹೋಗದಿರಲಿ ಎಂದು ತಮಾಷೆ ಮಾಡುತ್ತಿದ್ದ, ಮಕ್ಕಳನ್ನು ಹೆದರಿಸಲು ಅಲ್ಲಿ ಹೇಳುವ ಮಾತು ಅದು.

ಆ ವರ್ಷ ಡಿಸೆಂಬರ್ ಮೊದಲ ವಾರ ಆ ಗುಂಡಿಯಲ್ಲಿ ಕಪ್ಪು ಕಪ್ಪು ಕಾಳು ಕಂಡಿತು. ಹೊಕ್ಕುಳ ಎಳ್ಳು, ಸಂಶಯವೇ ಇಲ್ಲ. ನಾಲ್ಕು ವರ್ಷ ಅಂದರೆ ಮುಳ್ಳಿಲಿಗೆ ಮುಪ್ಪು, ವಯಸ್ಸಾದ ಮೇಲೆ ನಮ್ಮ ಹಾಗೇ ಕೊಳೆ ಕೂತಿದೆ ಎಂದುಕೊಂಡಳು. ಒಂದು ಹತ್ತಿಯ ತುಂಡು ತೆಗೆದುಕೊಂಡು ಬಗ್ಗಿದ್ದೂ ಉಂಟು. ಅಷ್ಟರಲ್ಲಿ ಅಮ್ಮನ ಏಟು ಕೈಮೇಲೆ ಬಿದ್ದಂತಾಗಿ ಹತ್ತಿಯನ್ನು ಪಕ್ಕಕ್ಕಿಟ್ಟಳು.

ಡಿಸೆಂಬರ್ ಎಂದರೆ ತತಾಮಿ ಅಂಗಡಿಗೆ ಉಸಿರಾಡಲು ಬಿಡುವಿಲ್ಲದ ತಿಂಗಳು. ಹೊಸ ವರ್ಷಕ್ಕೆ ಎಲ್ಲರಿಗೂ ಹೊಸ ಹಾಸು ಬೇಕು. ಬಿಸಿನೀರ ಬುಗ್ಗೆಯ ಕಡೆಯ ವಸತಿಗೃಹವೊಂದು ಮೂವತ್ತಾರು ತತಾಮಿ ಕೇಳಿತ್ತು. ಆ ಗಡಿಬಿಡಿಯಲ್ಲಿ ತವಾಶಿ ಹೊಟ್ಟೆ ನೆಕ್ಕಿಕೊಳ್ಳುತ್ತಿದ್ದದ್ದು ಅವಳ ಕಣ್ಣಿಗೆ ಬಿತ್ತು, ಮನಸ್ಸಿಗೆ ಬೀಳಲಿಲ್ಲ. ಗೂಡಿನ ಹುಲ್ಲಿನ ಮೇಲೆ ಕೆಂಪು ಚುಕ್ಕೆ ಕಂಡಾಗ ಅಂಚಿನ ಬಟ್ಟೆಯ ಕೆಂಪು ನೂಲು ಬಣ್ಣ ಬಿಟ್ಟಿರಬೇಕು ಅಂದುಕೊಂಡಳು. ಹತ್ತು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ತವಾಶಿ ಹುಳುವಿಗೆ ಮೂತಿ ಎತ್ತಲಿಲ್ಲ. ಗೂಡಿನ ಮೂಲೆಗೆ ಹಿಂಗಾಲು ಒತ್ತಿ ತಿಣುಕುತ್ತಿದ್ದ, ಉಸಿರು ಬಿಡುತ್ತಿದ್ದ, ಮತ್ತೆ ತಿಣುಕುತ್ತಿದ್ದ.

ತಾಮೊತ್ಸು ಕತ್ತಿ ಕೆಳಗಿಟ್ಟು ಬಂದು ನೋಡಿದ. “ಹೊಟ್ಟೆನೋವು ಕಣಮ್ಮ ಇದು. ಹೊಕ್ಕುಳು ಗಿಕ್ಕುಳು ಮುಟ್ಟಿದ್ಯಾ?”

“ಇಲ್ಲ ಭಾವ. ಎಳ್ಳು ಕೂತಿತ್ತು, ಆದ್ರೂ ಕೈ ಹಚ್ಚಲಿಲ್ಲ.”

“ಮತ್ತೆ ಯಾಕೆ ಬಂತು?” ಎಂದು ತಾಮೊತ್ಸು ತಲೆ ಕೆರೆದುಕೊಂಡ. ಇಬ್ಬರೂ ಎಷ್ಟು ಜಾಣರು ನೋಡಿ.

ಊರಿನ ಎರಡು ಪಶುವೈದ್ಯರಿಗೆ ಫೋನು ಮಾಡಿದಳು. ಇಬ್ಬರೂ ಬಹಳ ವಿನಯದಿಂದ, ನಾವು ನಾಯಿ ಬೆಕ್ಕು ಬಿಟ್ಟು ಬೇರೆ ನೋಡುವುದಿಲ್ಲ ಎಂದರು. ಮುಳ್ಳಿಲಿ, ಮೊಲ, ಗಿಳಿ ನೋಡುವ ಡಾಕ್ಟರು ಕುಮಾಮೊತೊ ಪೇಟೆಯಲ್ಲಿದ್ದರು, ಒಂದು ಗಂಟೆಯ ದಾರಿ. ವಸತಿಗೃಹದ ಕೆಲಸ ಅರ್ಧಕ್ಕೆ ನಿಂತಿತ್ತು. ತಾಮೊತ್ಸು ಗೊಣಗುತ್ತಲೇ ವ್ಯಾನಿನ ಹಿಂದಿನಿಂದ ಚಾಪೆಗಳನ್ನು ಇಳಿಸಿದ, ಗೊಣಗುತ್ತಲೇ ಗಾಡಿಯೊಳಗೆ ಬಿಸಿಗಾಳಿ ಹಾಕಿದ. ದಾರಿಯುದ್ದಕ್ಕೂ ಮಿಸಾವೊ ಅಂಗಿತೋಳಿನ ಚೀಲವನ್ನು ಹೊಟ್ಟೆಗೆ ಒತ್ತಿಕೊಂಡು ಕೂತಿದ್ದಳು.

ಆಸ್ಪತ್ರೆಯಲ್ಲಿ ರೋಗಿಯ ಹೆಸರಿನ ಮುಂದೆ ಮನೆತನದ ಹೆಸರು ಸೇರಿಸಿ ಕೂಗುವುದು ಪದ್ಧತಿ. “ಸೊನೊದಾ ತವಾಶಿ ಅವರೇ” ಎಂದು ಕರೆದಾಗ ಮೊಲ ಹಿಡಿದು ಕೂತ ಹೆಂಗಸೊಬ್ಬಳು ನಗು ತಡೆಯಲಾರದೆ ಮೊಲದ ಬೆನ್ನಿಗೆ ಮುಖ ಒತ್ತಿಕೊಂಡಳು. ಬೇರೆ ದಿನವಾಗಿದ್ದರೆ ಮಿಸಾವೊ ನಾಚಿ ನೀರಾಗುತ್ತಿದ್ದಳು. ಅವತ್ತು ಅವಳಿಗೆ ಅದು ಕೇಳಿಸಲೂ ಇಲ್ಲ. ತಾಮೊತ್ಸು ಹೊರಗೆ ಬೆಂಚಿನಲ್ಲೇ ಕೂತ.

ಡಾಕ್ಟರ್ ಅರಿತಾ ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು. ಮೊದಲು ಕೇಳಿದ್ದೇ, ಇವನು ಸರಿಯಾಗಿ ಉಚ್ಚೆ ಮಾಡಿ ಎಷ್ಟು ದಿನವಾಯಿತು ಎಂದು. ಮಿಸಾವೊಳಿಗೆ ಗೊತ್ತಿರಲಿಲ್ಲ. ಏನು ತಿಂದ, ಎಷ್ಟು ತೂಗಿದ, ಚಕ್ರದಲ್ಲಿ ಎಷ್ಟು ಓಡಿದ, ಎಲ್ಲ ಗೊತ್ತು. ಇದೊಂದು ಗೊತ್ತಿಲ್ಲ.

ಉಂಡೆಯಾಗಿ ಮುದುಡಿದವನನ್ನು ಗಾಜಿನ ಡಬ್ಬಿಯಲ್ಲಿಟ್ಟು ಅರಿವಳಿಕೆಯ ಗಾಳಿ ಬಿಟ್ಟರು. ಸ್ವಲ್ಪ ಹೊತ್ತಿಗೆ ಮುಳ್ಳೆಲ್ಲ ಸಡಿಲವಾಗಿ ಅವನು ಅಂಗಾತ ಬಿಚ್ಚಿಕೊಂಡ. ಡಾಕ್ಟರು ದೀಪ ಹತ್ತಿರ ಎಳೆದು ಅವಳನ್ನು ಪಕ್ಕಕ್ಕೆ ಕರೆದರು. ಹೊಟ್ಟೆಯ ನಡುವಿನ ಗುಂಡಿ ಊದಿ ಹುಣಿಸೆಬೀಜದಷ್ಟಾಗಿತ್ತು. ಬಾಯಿಯಲ್ಲಿ ಹಸಿರುಗಪ್ಪು ಗಷ್ಟು, ಅದರ ನಡುವೆ ಕಪ್ಪಗಾದ ಒಂದು ತುದಿ.

“ಅದು ಹೊಕ್ಕುಳ ಎಳ್ಳಲ್ವಾ ಡಾಕ್ಟ್ರೇ?” ಎಂದಳು ಮಿಸಾವೊ. “ಕೆದಕಬಾರ್ದು ಅಂತ ನಾನು ಮುಟ್ಟಲೇ ಇಲ್ಲ.”

ಡಾಕ್ಟರು ನಗಲಿಲ್ಲ. ತನ್ನ ಅಜ್ಜಿಯೂ ಹಾಗೇ ಹೊಡೆಯುತ್ತಿದ್ದಳು ಎಂದರು. ಆಮೇಲೆ ಮೆಲ್ಲಗೆ, “ಅದು ಹೊಕ್ಕುಳಲ್ಲಮ್ಮ. ಇವನ ಗಂಡು ಅಂಗ ಇರೋ ಜಾಗ ಅದು. ಮುಳ್ಳಿಲಿಗೆ ಅದು ಕಾಲಿನ ಸಂದಿಯಲ್ಲಿ ಇರಲ್ಲ, ಹೊಟ್ಟೆ ಮಧ್ಯ ಇರುತ್ತೆ” ಎಂದರು.

ಮಿಸಾವೊ ಥಟ್ಟನೆ ಆ ಗುಂಡಿಯಿಂದ ಕಣ್ಣು ತಿರುಗಿಸಿದಳು. ಉಳಿದದ್ದನ್ನು ಡಾಕ್ಟರು ಬಿಡಿಸಿ ಹೇಳಿದರು. ಅಂಗ ಒಳಗೆ ಹೋಗಿ ಅಡಗುವ ಚರ್ಮದ ಚೀಲದೊಳಗೆ ಜೊಂಡಿನ ಚೂರು, ಮಣ್ಣಿನ ಪುಡಿ ಸೇರಿ ದಿನದಿಂದ ದಿನಕ್ಕೆ ಗಟ್ಟಿಯಾಗಿದೆ. ಕೀವಾಗಿ ಊದಿಕೊಂಡು, ಹೊರಗೆ ಬಂದ ತುದಿ ಒಳಗೆ ಹೋಗಲಾರದೆ ರಕ್ತ ನಿಂತು ಸತ್ತಿದೆ. ದಾರಿ ಮುಚ್ಚಿ ಮೂತ್ರ ಒಳಗೇ ಕಟ್ಟಿದೆ. ಗಂಡು ಮುಳ್ಳಿಲಿಗಳಲ್ಲಿ ಇದನ್ನು ಆಗಾಗ ನೋಡುತ್ತೇನೆ, ಹೊಟ್ಟೆ ತಿರುಗಿಸಿ ನೋಡುವವರು ಕಡಿಮೆ ಎಂದರು. ಈಗಲೇ ಕೊಯ್ದು ತೊಳೆದು ಸತ್ತ ತುದಿ ತೆಗೆಯಬೇಕು. ವಯಸ್ಸಾದ ಪುಟ್ಟ ಜೀವ, ಉಳಿಯುತ್ತದೆ ಅನ್ನಲೂ ಆಗದು, ಇಲ್ಲ ಅನ್ನಲೂ ಆಗದು. ಮಿಸಾವೊ ಕೈಚೀಲದಿಂದ ಮನೆತನದ ಮುದ್ರೆ ತೆಗೆದು ಒಪ್ಪಿಗೆಯ ಕಾಗದದ ಮೇಲೆ ಸಹಿಯ ಬದಲು ಒತ್ತಿದಳು. ಮುದ್ರೆ ಓರೆಯಾಗಿ ಬಿತ್ತು.

ಹೊರಗೆ ಬೆಂಚಿನ ಮೇಲೆ ಭಾವನಿಂದ ಒಂದು ಮಾರು ದೂರ ಕೂತಳು. ಎಷ್ಟು ದಿನವಾಯಿತು? ಈ ಪ್ರಶ್ನೆಯನ್ನು ಒಬ್ಬ ಡಾಕ್ಟರು ಅವಳಿಗೆ ಕೇಳಿದ್ದು ಇದು ಎರಡನೆಯ ಸಲ. ಮೊದಲ ಸಲ ಕೇಳಿದ್ದು ಯೊಶಿತೊನ ಬಗ್ಗೆ.

ಅವರ ಮನೆಯ ಪಾಯಿಖಾನೆ ಅಡುಗೆಮನೆಗೆ ಒತ್ತಿಕೊಂಡೇ ಇತ್ತು, ನಡುವೆ ತೆಳ್ಳನೆಯ ಮರದ ಗೋಡೆ. ಒಳಗೆ ಹೋದವರ ಸದ್ದು ಹೊರಗಿನವರಿಗೆ ಕೇಳಬಾರದು, ಕೇಳಿದರೆ ಇಬ್ಬರಿಗೂ ಅವಮಾನ. ಆ ನಾಡಿನಲ್ಲಿ ಅದಕ್ಕೆಂದೇ ನೀರು ಹರಿಯುವ ಸದ್ದು ಮಾಡುವ ಯಂತ್ರ ಇಟ್ಟಿರುತ್ತಾರೆ, ಮನೆಯಲ್ಲಿ ಅದಿಲ್ಲದವರು ನಲ್ಲಿ ಬಿಡುತ್ತಾರೆ. ಯೊಶಿತೊ ಒಳಗೆ ಹೋದರೆ ಮಿಸಾವೊ ರೇಡಿಯೊ ದೊಡ್ಡದು ಮಾಡುತ್ತಿದ್ದಳು. ಮೊದಮೊದಲು ಒಂದು ಹಾಡು ಮುಗಿಯುವುದರೊಳಗೆ ಬರುತ್ತಿದ್ದವನು, ಆಮೇಲೆ ಎರಡು ಹಾಡು, ಮೂರು ಹಾಡು. ಹಾಡು ಹಾಡಿನ ನಡುವೆ ಸದ್ದಿಲ್ಲದ ಆ ಚೂರು ಹೊತ್ತಿನಲ್ಲಿ ಗೋಡೆಯಾಚೆ ಏನೂ ಕೇಳದಿದ್ದುದು ಅವಳಿಗೆ ಗೊತ್ತಾಗಿತ್ತು. ಗೊತ್ತಾಗಿಯೂ ಇನ್ನಷ್ಟು ದೊಡ್ಡದು ಮಾಡಿದಳು, ಮರ್ಯಾದೆ ನೋಡಿ. ಎರಡು ವರ್ಷ ಹೀಗೆ ನಡೆಯಿತು. ಸೊಂಟದ ನೋವು ತಡೆಯಲಾರದೆ ಅವನು ಆಸ್ಪತ್ರೆಗೆ ಹೋಗುವ ಹೊತ್ತಿಗೆ ಪ್ರಾಸ್ಟೇಟಿನ ಕ್ಯಾನ್ಸರು ಎಲುಬಿಗೆ ಇಳಿದಿತ್ತು. ಯಾವಾಗಿನಿಂದ ತೊಂದರೆ ಎಂದು ಡಾಕ್ಟರು ಹೊರಗೆ ಕೂತಿದ್ದ ಅವಳ ಬಳಿ ಬಂದು ಕೇಳಿದರು. ಅವಳು ಗೊತ್ತಿಲ್ಲ ಎಂದಳು.

ಇನ್ನೊಂದು ಮಾತೂ ಇತ್ತು. ಇದು ಒಡಹುಟ್ಟಿದವರಲ್ಲಿ ಬರುವುದುಂಟು, ಇವರ ಅಣ್ಣನಿಗೂ ಪರೀಕ್ಷೆ ಮಾಡಿಸಿಕೊಳ್ಳಲು ಹೇಳಿ ಎಂದು ಆ ಡಾಕ್ಟರು ಅವಳಿಗೆ ಒತ್ತಿ ಹೇಳಿದ್ದರು. ಹೇಗೆ ಹೇಳುವುದು? ಗಂಡನ ಅಣ್ಣ, ಮದುವೆಯಾಗದವನು, ಅಳತೆಯ ಅಂಕಿ ಬಿಟ್ಟರೆ ಮಾತಾಡದವನು. ಚೀಟಿಯಲ್ಲಿ ಬರೆದು ಅವನ ಊಟದ ಡಬ್ಬಿಯ ಕೆಳಗಿಟ್ಟಳು, ಅವನು ಬರುವ ಮೊದಲೇ ತೆಗೆದು ಹರಿದಳು. ತೀರಿಕೊಂಡವನ ನಲವತ್ತೊಂಬತ್ತನೆಯ ದಿನದ ಕರ್ಮ ಕಳೆಯಲಿ ಎಂದಳು, ಹೊಸ ವರ್ಷ ಬರಲಿ ಎಂದಳು. ಮೂರು ಹೊಸ ವರ್ಷ ಬಂದು ಹೋದವು. ಈಗ ಅವನು ಒಂದು ಮಾರು ದೂರದಲ್ಲಿ ಕೂತು ಗೋಡೆಯ ಮೇಲಿನ ಆಮೆಯ ಚಿತ್ರ ನೋಡುತ್ತಿದ್ದ. ಈಗಲಾದರೂ ಕೇಳೋಣ ಎಂದು ಮಿಸಾವೊ ಅವನ ಕಡೆ ತಿರುಗಿದಳು. ಬಾಯಿಂದ ಬಂದದ್ದು, ಚಹಾ ಬೇಕಾ ಭಾವ ಎಂಬ ಮಾತು.

ತನ್ನ ಮೇಲೆ ತನಗೇ ಎಷ್ಟು ಸಿಟ್ಟು ಬಂತೆಂದರೆ ಅಳುವೂ ಬರಲಿಲ್ಲ.

ತವಾಶಿ ಉಳಿದ. ಅಂದರೆ, ಆಪರೇಶನ್ನಿನಿಂದ ಎದ್ದ. ರಾತ್ರಿ ಆಸ್ಪತ್ರೆಯಲ್ಲೇ ಇಟ್ಟುಕೊಂಡು ಮಾರನೆಯ ಬೆಳಿಗ್ಗೆ ಕೊಟ್ಟರು. ಸತ್ತ ತುದಿ ತೆಗೆದು, ಚೀಲ ತೊಳೆದು, ಸೂಜಿಯಿಂದ ಮೂತ್ರ ಎಳೆದು ಖಾಲಿ ಮಾಡಿದ್ದರು. ಇನ್ನು ಜೊಂಡು ಬೇಡ, ಹೊಟ್ಟು ಬೇಡ, ಬರೀ ಬಟ್ಟೆ ಹಾಸಿ ಎಂದರು. ಬೆಚ್ಚನೆ ನೀರಲ್ಲಿ ಅದ್ದಿ, ಬೆರಳಿಂದ ಮೆಲ್ಲಗೆ ಚರ್ಮ ಸರಿಸಿ, ಆ ಜಾಗವನ್ನು ದಿನಕ್ಕೆ ಎರಡು ಸಲ ಹೇಗೆ ತೊಳೆಯಬೇಕೆಂದು ತೋರಿಸಿ, ನೀವೇ ಒಂದು ಸಲ ಮಾಡಿ ಎಂದರು. ಮಿಸಾವೊ ಮಾಡಿದಳು. ಕಿವಿ ಕೆಂಪಾಯಿತು, ಆದರೆ ಬೆರಳು ನಡುಗಲಿಲ್ಲ, ದಿನವಿಡೀ ಸೂಜಿ ಹಿಡಿವ ಬೆರಳಲ್ಲವೇ.

ಆಮೇಲೆ ಡಾಕ್ಟರು ಮುಖ್ಯ ಮಾತು ಹೇಳಿದರು. “ಸಂಜೆಯೊಳಗೆ ಇವನು ತಾನಾಗೇ ಉಚ್ಚೆ ಮಾಡ್ಬೇಕು. ಮಾಡದಿದ್ರೆ ಫೋನು ಮಾಡಿ. ಇನ್ನೊಂದ್ಸಲ ಕೊಯ್ಯೋಕೆ ಜಾಗ ಉಳಿದಿಲ್ಲ, ನೋವಿಲ್ಲದೆ ಕಳಿಸಿಕೊಡಬೇಕಾಗುತ್ತೆ.”

ಮನೆಗೆ ಬಂದವಳು ಮೊದಲು ಅಂಗಡಿಯ ರೇಡಿಯೊ ಆರಿಸಿದಳು. ಮುಳ್ಳಿಲಿಯ ಉಚ್ಚೆಗೆ ಸದ್ದೆಲ್ಲಿ ಬಂತು? ಆದರೂ ಆರಿಸಿದಳು. ಬಿಸಿಹಲಗೆಯ ಮೇಲೆ ಬಿಳಿ ಬಟ್ಟೆ ಹಾಸಿ ತವಾಶಿಯನ್ನು ಮಲಗಿಸಿ, ವಸತಿಗೃಹದ ಹಾಸುಗಳ ನಡುವೆ ಪಕ್ಕದಲ್ಲೇ ಕೂತಳು. ಕೈಯಲ್ಲಿ ಅಂಚಿನ ಬಟ್ಟೆ ಇತ್ತು, ಹೊಲಿಗೆ ಮುಂದೆ ಹೋಗಲಿಲ್ಲ. ಹತ್ತು ಗಂಟೆಗೆ ಬಟ್ಟೆ ಒಣಗಿತ್ತು. ಹನ್ನೆರಡಕ್ಕೂ ಒಣಗಿತ್ತು. ಅನ್ನ ಬಿಸಿ ಮಾಡಿದಳು, ಉಣ್ಣಲಿಲ್ಲ. ತಾಮೊತ್ಸು ಯಾರೋ ಕೊಟ್ಟಿದ್ದ ದೊಡ್ಡ ಚಕ್ಕೋತ ಬಿಡಿಸಿ, ತೊಳೆಗಳ ಮೇಲಿನ ಬಿಳಿ ಸಿಪ್ಪೆಯನ್ನೂ ಸುಲಿದು, ತಟ್ಟೆಯಲ್ಲಿಟ್ಟು ಅವಳ ಪಕ್ಕಕ್ಕೆ ತಳ್ಳಿದ. ಆಮೇಲೆ ಅವಳ ಪಾಲಿನ ಅಂಚನ್ನು ತಾನೇ ಹೊಲಿಯಲು ಕೂತ. ಅವನ ಹೊಲಿಗೆ ನೋಡಿದರೆ ಕುಡಿದವನು ನಡೆದ ಹಾಗಿತ್ತು. ಅವಳು ಆಮೇಲೆ ಬಿಚ್ಚಿ ಹೊಲಿದರಾಯಿತು ಎಂದು ಸುಮ್ಮನಾದಳು.

ಎರಡು ಗಂಟೆಗೆ ತವಾಶಿ ಎದ್ದು ತಿಣುಕಿದ. ಏನೂ ಬರಲಿಲ್ಲ. ಮಿಸಾವೊ ಅವನನ್ನೆತ್ತಿ ಅಂಗೈಯಲ್ಲಿ ಕೂರಿಸಿ, ಹೊಟ್ಟೆಯ ಕೆಳಗೆ ಬೆರಳಿಟ್ಟಳು. ಮುದುಡಲಿಲ್ಲ ಅವನು. ಮುದುಡುವ ಶಕ್ತಿ ಇರಲಿಲ್ಲವೋ, ಅವಳ ಕೈ ಅಂತ ಗೊತ್ತಿತ್ತೋ. ಮಾಡಪ್ಪ ಕಂದ, ನಾಚ್ಕೋಬೇಡ, ನಾನು ಇಲ್ಲೇ ನೋಡ್ತಿದೀನಿ ಎಂದು ಮೆಲುದನಿಯಲ್ಲಿ ಹೇಳುತ್ತಲೇ ಇದ್ದಳು. ಗಂಡನಿಗೆ ಹೇಳಬೇಕಿದ್ದ ಮಾತು ಇದೇ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೇಳಿದ್ದರೆ ಅವನು ಬದುಕುತ್ತಿದ್ದನೋ ಇಲ್ಲವೋ, ಅದು ಬೇರೆ. ಒಬ್ಬನೇ ಆ ಗೋಡೆಯಾಚೆ ನಿಂತಿರುತ್ತಿರಲಿಲ್ಲ.

ನಾಲ್ಕು ಗಂಟೆಗೆ ಬಿಸಿಲು ಇಳಿಯಿತು. ಡಾಕ್ಟರ ನಂಬರಿನ ಚೀಟಿಯನ್ನು ಮೊಣಕಾಲ ಹತ್ತಿರ ಇಟ್ಟುಕೊಂಡಳು. ಕೈ ಸೋತು ತವಾಶಿಯನ್ನು ಒಂದು ಗಳಿಗೆ ಪಕ್ಕದ ಹಾಸಿನ ಮೇಲೆ ಬಿಟ್ಟಳು. ಹಿಂದಿನ ರಾತ್ರಿಯಷ್ಟೇ ಮುಗಿದದ್ದು, ವಸತಿಗೃಹದ ಅತಿಥಿಗಳ ಕೋಣೆಗೆ ಹೋಗಬೇಕಾದದ್ದು, ಇಡೀ ರಾಶಿಯಲ್ಲೇ ಒಳ್ಳೆಯ ಜೊಂಡು. ತವಾಶಿ ಅದನ್ನು ಮೂಸಿದ. ನಾಲ್ಕು ಹೆಜ್ಜೆ ನಡೆದ, ಹಿಂಗಾಲು ಅಗಲಿಸಿದ, ನಿಂತ.

ಹಸಿರು ಹಾಸಿನ ಮೇಲೆ ಒಂದು ಒದ್ದೆ ಚುಕ್ಕೆ ಕಂಡಿತು. ಅದು ರುಪಾಯಿಯಷ್ಟಾಯಿತು, ತಟ್ಟೆಯಷ್ಟಾಯಿತು. ಸ್ವಲ್ಪ ಗುಲಾಬಿ ಬೆರೆತ ಹಳದಿ. ಮಿಸಾವೊ ಉಸಿರಾಡಲಿಲ್ಲ, ಎಲ್ಲಿ ಅವನು ಅರ್ಧಕ್ಕೆ ನಿಲ್ಲಿಸಿಬಿಡುತ್ತಾನೋ ಎಂದು. ಅವನು ಪೂರ್ತಿ ಮುಗಿಸಿ, ಮೂಗು ಒಮ್ಮೆ ಝಾಡಿಸಿ, ಅವಳ ಮಡಿಲ ಕಡೆ ತಿರುಗಿದ.

“ಹೋಯ್ತು ಭಾವ,” ಎಂದಳು ಮಿಸಾವೊ. “ಹೋಯ್ತು.”

ತಾಮೊತ್ಸು ಸೂಜಿ ಕೆಳಗಿಟ್ಟ. ತಲೆಗೆ ಕಟ್ಟಿದ್ದ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದು ತಲೆ ಬಾಗಿಸಿದ. “ಪಾಪ. ಅವನ ಆಯಸ್ಸು ಅಷ್ಟೇ ಇತ್ತು ಅಂದ್ಕೋ. ಯೊಶಿತೊ ಹತ್ರ ಹೋದ.”

“ಅಯ್ಯೋ, ಅವನಲ್ಲ,” ಎಂದಳು ಅವಳು. “ಉಚ್ಚೆ. ಉಚ್ಚೆ ಹೋಯ್ತು ಅಂದೆ.”

ಹುಟ್ಟಿದಾಗಿನಿಂದ ಆಡದ ಮಾತನ್ನು ಒಂದೇ ಉಸಿರಿಗೆ ಎರಡು ಸಲ ಆಡಿದ್ದಳು. ಆಡಿದ ಮೇಲೆ ಏನೂ ಆಗಲಿಲ್ಲ. ಮಾಡು ಬೀಳಲಿಲ್ಲ, ಮಾನ ಹೋಗಲಿಲ್ಲ. ತಾಮೊತ್ಸು ಬಗ್ಗಿ ಹಾಸಿನ ಮೇಲಿನ ಕಲೆ ನೋಡಿದ, ತವಾಶಿಯನ್ನು ನೋಡಿದ, ಆಮೇಲೆ ಗಟ್ಟಿಯಾಗಿ ನಕ್ಕುಬಿಟ್ಟ. ಮಿಸಾವೊಳೂ ನಕ್ಕಳು, ನಗುತ್ತ ನಗುತ್ತ ಅತ್ತಳು, ಅಳುತ್ತ ಕಣ್ಣು ಒರೆಸಿಕೊಳ್ಳಲು ವಸತಿಗೃಹದ ಅಂಚಿನ ಬಟ್ಟೆಯನ್ನೇ ಎಳೆದುಕೊಂಡಳು. ಇದೊಂದು ಹಾಸು ಮತ್ತೆ ನೇಯಿಸಬೇಕು, ನಾಳೆಯೊಳಗೆ ಎಲ್ಲಿಂದ ತರುವುದು ಎಂದು ತಾಮೊತ್ಸು ಲೆಕ್ಕ ಹಾಕತೊಡಗಿದ.

“ಭಾವ,” ಎಂದಳು ಮಿಸಾವೊ.

“ಹೂಂ.”

“ನಿಮಗೆ ಸರಿಯಾಗಿ ಹೋಗುತ್ತಾ?”

“ಏನು?”

“ಉಚ್ಚೆ.”

ತಾಮೊತ್ಸುವಿನ ಮುಖ ಕುತ್ತಿಗೆಯವರೆಗೆ ಕೆಂಪಾಯಿತು. ಅಳತೆಕೋಲು ಹುಡುಕಿದ, ಅದು ಅವನ ಕೈಯಲ್ಲೇ ಇತ್ತು. ಏನೋ ಗದರುವವನ ಹಾಗೆ ಬಾಯಿ ತೆರೆದ. ಮಿಸಾವೊ ಕಣ್ಣು ತೆಗೆಯಲಿಲ್ಲ. ಮಡಿಲಲ್ಲಿ ಮುಳ್ಳಿಲಿಯನ್ನು ಹಿಡಿದು ಅವನನ್ನೇ ನೋಡುತ್ತ ಕೂತಳು, ಚಹಾದ ಮಾತೆತ್ತಲಿಲ್ಲ, ಹವಾಮಾನದ ಮಾತೆತ್ತಲಿಲ್ಲ. ರೇಡಿಯೊ ಹಾಕಲೂ ಏಳಲಿಲ್ಲ.

ತಾಮೊತ್ಸು ಹಾಸುಗಳ ರಾಶಿಯ ಮೇಲೆ ಮೆಲ್ಲಗೆ ಕೂತ. “ಇಲ್ಲ,” ಎಂದ. “ಬೇಸಿಗೆಯಿಂದ. ಹನಿಹನಿ ಬರುತ್ತೆ.”

“ರಕ್ತ?”

“ಒಂದೆರಡು ಸಲ.”

ಬೇಸಿಗೆಯಿಂದ. ಎದುರೆದುರು ಕೂತು ಕೆಲಸ ಮಾಡಿದ್ದಾರೆ, ಬೇಸಿಗೆಯಿಂದ. ಮಿಸಾವೊ ಮೂರು ವರ್ಷದ ಹಿಂದೆ ಡಾಕ್ಟರು ಹೇಳಿದ್ದ ಮಾತನ್ನು ಆಗ ಹೇಳಿದಳು, ಚೀಟಿ ಹರಿದದ್ದನ್ನೂ ಹೇಳಿದಳು, ತನ್ನದೇ ತಪ್ಪು ಎಂದಳು. ತಾಮೊತ್ಸು ಬೈಯಲಿಲ್ಲ. ಕೇಳಿದ್ದರೂ ನಾನು ಹೇಳುತ್ತಿರಲಿಲ್ಲ ಬಿಡು, ಎಂದ. ಆಮೇಲೆ ವಸತಿಗೃಹಕ್ಕೆ ನಾಳೆ ಮಾಲು ಹೋಗಬೇಕಲ್ಲ ಎಂದು ಶುರು ಮಾಡಿದ. ಅವರು ಹಳೆಯ ಹಾಸಿನ ಮೇಲೇ ಹೊಸ ವರ್ಷ ಮಾಡಲಿ ಬಿಡಿ, ನಾನು ಫೋನು ಮಾಡಿ ಕ್ಷಮೆ ಕೇಳುತ್ತೇನೆ ಎಂದಳು ಮಿಸಾವೊ. ಬೆಳಿಗ್ಗೆ ಎಂಟಕ್ಕೆ ದೊಡ್ಡಾಸ್ಪತ್ರೆ ಬಾಗಿಲು ತೆರೆಯುತ್ತದೆ, ಏಳಕ್ಕೇ ಹೊರಡೋಣ.

“ನಾನೊಬ್ಬನೇ ಹೋಗ್ತೀನಿ.”

“ಇಲ್ಲ, ನಾನೂ ಬರ್ತೀನಿ.”

“ಬಾ. ಹೊರಗೆ ಕೂತಿರು.”

“ಅವರ ಜೊತೆ ಹೋದಾಗೆಲ್ಲ ನಾನು ಹೊರಗೇ ಕೂತಿದ್ದೆ ಭಾವ,” ಎಂದಳು ಮಿಸಾವೊ. “ಈ ಸಲ ಒಳಗೆ ಬರ್ತೀನಿ.”